ಎಂಟನೆಯ ಸುತ್ತು

ಕೋರ್ಟಿನ ಎದುರಿಗೆ ಮಹಾರುದ್ರಪ್ಪನ ಜೆರಾಕ್ಸ್ ಅಂಗಡಿ.
ಪಹಣಿ, ಮರಣಪತ್ರ, ಜಾಮೀನು ಅರ್ಜಿ
ಒಂದಾಗಿ ಬಂದು ಎರಡಾಗಿ ಹೋಗುತ್ತವೆ.
ಮುಚ್ಚಳದ ಸಂದಿಯಲ್ಲಿ ಹಸಿರು ಬೆಳಕು
ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿತ್ತ ಓಡುವಾಗ
ನಾನು ಬೀದಿ ನೋಡುತ್ತಿರುತ್ತೇನೆ.
ಆರು ವರ್ಷವಾಯಿತು.
ಹುಡುಗಿಗೆ ಸೊಕ್ಕು ಎಂದುಕೊಂಡಿದ್ದಾರೆ ಗಿರಾಕಿಗಳು.

ಮೊದಲು ಒಂದು ಅಕ್ಷರ ಹೋಗುತ್ತದೆ.
ಹಿರಿಯೂರು ತಾಲ್ಲೂಕು ಎಂದಿರುವಲ್ಲಿ ಯೂ ಇಲ್ಲ.
ಕಪ್ಪಲ್ಲ ಅದು, ಬಿಳಿಯೂ ಅಲ್ಲ.
ನಿಮ್ಮ ಬೆನ್ನ ಹಿಂದೆ ನಿಮಗೀಗ ಏನು ಕಾಣುತ್ತಿದೆ?
ಅದು.
ಎದುರು ನಿಂತ ಅಜ್ಜನಿಗೆ ಮೂಗಿಲ್ಲ.
ಮೂಗಿಲ್ಲದ ಅಜ್ಜ ಚಿಲ್ಲರೆ ಕೇಳುತ್ತಾನೆ.
ಕೊಡುತ್ತೇನೆ, ನಾಣ್ಯವನ್ನು ಬೆರಳಲ್ಲಿ ಓದಿ.

ಆಮೇಲೆ ಇಲ್ಲದ ಜಾಗಕ್ಕೆ ಅಂಚು ಹುಟ್ಟುತ್ತದೆ.
ಮೂಲೆ, ಮೂಲೆ, ಮತ್ತೊಂದು ಮೂಲೆ,
ಮೊಳಕಾಲ್ಮುರಿನ ಮಗ್ಗದಲ್ಲಿ ಕೂತ ಯಾರೋ
ಕಣ್ಣ ಹಿಂದೆ ಲಾಳಿ ಎಸೆಯುತ್ತಿರುವ ಹಾಗೆ
ಬೆಳ್ಳಿ, ಹಳದಿ, ಬೆಳ್ಳಿ, ನೇರಳೆ,
ರೆಪ್ಪೆ ಮುಚ್ಚಿದರೂ ನಿಲ್ಲದ ನೇಯ್ಗೆ,
ಇಪ್ಪತ್ತು ನಿಮಿಷ ಹಿಗ್ಗಿ ಹಿಗ್ಗಿ
ಕಡೆಗಣ್ಣು ದಾಟಿ ಹೋಗುತ್ತದೆ.

ಹೋದ ಮೇಲೆ ನೋವು. ಅದರ ಬಗ್ಗೆ ಬರೆಯುವುದಿಲ್ಲ.
ಅರೆತಲೆನೋವು ಅನ್ನುತ್ತಾರೆ.
ಉಳಿದ ಅರೆತಲೆ ಸುಮ್ಮನಿರದೆ ಲೆಕ್ಕ ಮಾಡುತ್ತಿರುತ್ತದೆ:
ನಲವತ್ತೊಂದು ಹಾಳೆ, ಎರಡು ರೂಪಾಯಿಯಂತೆ, ಎಂಬತ್ತೆರಡು.

ಚಿಕ್ಕವಳಿದ್ದಾಗ ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದರು.
ಚಳಿಗಾಲದ ಸಂಜೆ, ಅದರ ಹಿಂದೆ ಸೂರ್ಯ ಇಳಿದಾಗ
ರೆಕ್ಕೆಯ ನೆರಳು ಅಂಗಳದ ಬಿಸಿಲನ್ನು ಈರುಳ್ಳಿಯಂತೆ ಹೆಚ್ಚುತ್ತಿತ್ತು
ಬಿಸಿಲು ನೆರಳು ಬಿಸಿಲು ನೆರಳು ಬಿಸಿಲು
ತಮ್ಮ ಓಬಳೇಶಿ ಅದರಲ್ಲಿ ನೆಗೆನೆಗೆದು ಆಡಿದ.
ನಾನು ಕಣಜದ ಹಿಂದೆ ಕೂತು ವಾಂತಿ ಮಾಡಿಕೊಂಡೆ.
ಗಾಳಿ ಸೋಕಿದೆ, ಅಂದಳು ಅಜ್ಜಿ,
ಬೇವಿನ ಸೊಪ್ಪು ನೀವಾಳಿಸಿದಳು.
ತಪ್ಪೇನೂ ಹೇಳಿರಲಿಲ್ಲ.

ಜಿಲ್ಲಾಸ್ಪತ್ರೆಯ ನಿಖತ್ ಡಾಕ್ಟರು ಚೀಟಿ ಮಗುಚಿ ಕೊಟ್ಟು
ಕಂಡದ್ದನ್ನು ಬರಿ ಅಂದರು.
ಬರೆಯುತ್ತ ಬರೆಯುತ್ತ ಕೈಗೇ ಗುರುತು ಸಿಕ್ಕಿತು:
ಕೊತ್ತಳ, ತಿರುವು, ಕೊತ್ತಳ, ತಿರುವು,
ನಮ್ಮ ಕಲ್ಲಿನ ಕೋಟೆ, ಹದ್ದು ಮೇಲಿಂದ ಕಂಡ ಹಾಗೆ.
ಏಳೇ ಸುತ್ತು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.
ದೂರದೇಶದ ವೈದ್ಯರೂ ಇದಕ್ಕೆ ಕೋಟೆಯೆಂದೇ ಹೆಸರಿಟ್ಟಿದ್ದಾರಂತೆ,
ದುರ್ಗ ನೋಡದವರು.

ಅವರು ಹೇಳಿದ ಇನ್ನೊಂದು ಮಾತು:
ಬೇರೆಯವರ ಮೆದುಳು ಮಿಣುಕನ್ನು ನಾಲ್ಕು ಸಲ ನೋಡಿ
ಬೇಸತ್ತು ಬಿಟ್ಟುಬಿಡುತ್ತದೆ. ನಿನ್ನದಕ್ಕೆ ಬೇಸರವಿಲ್ಲ,
ಪ್ರತಿ ಸಲವೂ ಮೊದಲ ಸಲ.
ನಕ್ಕುಬಿಟ್ಟೆ.
ಬೇಸರ ಬಾರದವಳು, ಜೆರಾಕ್ಸ್ ಅಂಗಡಿಯಲ್ಲಿ!

ಮೊನ್ನೆ ತಲೆಮೇಲಿನ ಟ್ಯೂಬ್‌ಲೈಟಿನ ತುದಿ ಕಪ್ಪಾಯಿತು.
"ಮಿಣುಕ್ತೈತಾ? ಎಲ್ಲಿ? ಚೆನ್ನಾಗೇ ಉರೀತೈತಲ್ಲ,"
ಅಂದರು ಮಹಾರುದ್ರಪ್ಪ ಕತ್ತೆತ್ತಿ.
ಚೋಕು ನೋಡಲು ಬಂದ ದಾದಾಪೀರ್ ಏಣಿಯ ಮೇಲಿಂದಲೇ
"ಪೆನ್ ಹಿಡ್ದು ಬೀಸಿ ನೋಡ್ರಿ ಯಜಮಾನ್ರೆ" ಅಂದ.
ಬೀಸಿದರು.
ಒಂದು ಪೆನ್ನು ಗಾಳಿಯಲ್ಲಿ ಏಳೆಂಟು ಪೆನ್ನಾಯಿತು,
ಬೀಸಣಿಗೆಯ ಕಡ್ಡಿಗಳ ಹಾಗೆ, ಬಿಡಿಬಿಡಿ.
"ಹೊಸದು ಹಾಕಿದ್ರೂ ಹಂಗೇ. ಸೆಕೆಂಡಿಗೆ ನೂರು ಸಲ ಆರಿ ಹತ್ತತೈತೆ."
ಇನ್ನೊಮ್ಮೆ ಬೀಸಿದರು. ಮತ್ತೊಮ್ಮೆ.
ನನ್ನ ಕಡೆ ನೋಡಲಿಲ್ಲ.
ಕ್ಯಾಲ್ಕುಲೇಟರ್ ಎಳೆದುಕೊಂಡು
ನೂರು, ಗಂಟೆ, ದಿನ, ಆರು ವರ್ಷ
ಒತ್ತುತ್ತ ಒತ್ತುತ್ತ ಹೋದರು.
ಅಂಕಿ ಹಿಡಿಯದೆ ಪರದೆ ಒಂದೇ ಅಕ್ಷರ ತೋರಿಸಿ ನಿಂತಿತು.

ಅಷ್ಟರಲ್ಲಿ ಯಾರೋ ಬಂದು
ಎರಡು ಕಾಪಿ, ಎರಡೂ ಬದಿ, ಅಂದರು.
ಹಾಳೆ ಇಟ್ಟು ಮುಚ್ಚಳ ಹಾಕಿ, ಎಂದಿನಂತೆ ಬೀದಿಗೆ ತಿರುಗಿದೆ.
"ಇರು," ಅಂದರು ಮಹಾರುದ್ರಪ್ಪ,
ಹೆಗಲ ಮೇಲಿನ ಟವಲ್ಲು ತೆಗೆದು
ಸಂದಿಯ ಉದ್ದಕ್ಕೂ ಒತ್ತಿ ಹಿಡಿದರು.