ಮೂರನೇ ಕಿಟಕಿ

ಸೀಟು ಹದಿನಾರು. ಅರ್ಜಿ ನೂರಾ ಹನ್ನೊಂದು.
ಇವತ್ತು ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತದೆ.
ಏನೇನು ಬೇಕೆಂದು ನನಗೆ ಬಾಯಿಪಾಠ,
ಒಂಬತ್ತು ವರ್ಷದಿಂದ ಈ ಗಾಜಿನ ತೂತಿನಿಂದ
ಅದನ್ನೇ ಒಪ್ಪಿಸುತ್ತಿದ್ದೇನೆ, ಮಗ್ಗಿಯ ಹಾಗೆ:

ಬೀಜಗಣಿತದಲ್ಲಿ ಸಿ, ಅದಕ್ಕಿಂತ ಕೆಳಗೆ ಆಗದು.
ಅಂಗರಚನೆಯ ಪಾಠ ಐದು ವರ್ಷಕ್ಕಿಂತ ಹಳತಾಗಿರಬಾರದು.
ಐದು ವರ್ಷಕ್ಕೆ ಎಲುಬೇನು ಜಾಗ ಬದಲಿಸುತ್ತದೆಯೇ
ಅಂತ ಒಬ್ಬ ಕೇಳಿದ್ದ. ನಿಯಮ, ಅಂದೆ.
ಹೆಪಟೈಟಿಸ್ ಸೂಜಿ ಮೂರು. ಕ್ಷಯದ ಪರೀಕ್ಷೆ.
ಐವತ್ತು ಪೌಂಡು ಎತ್ತಬಲ್ಲೆನೆಂಬ ರುಜು.
ಪೊಲೀಸರ ಕಾಗದ.
ಮತ್ತು ಯಾವುದಾದರೂ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ
ಎಂಟು ಗಂಟೆ ಸುಮ್ಮನೆ ನಿಂತು ನೋಡಿದ್ದಕ್ಕೆ
ಅಲ್ಲಿಯ ತಂತ್ರಜ್ಞರ ಸಹಿ.

ನಾಲ್ಕು ನಲವತ್ತಕ್ಕೆ ಟ್ರೆಸಿ ಸ್ಟಿಡಮ್ ಬಂದಳು,
ಶಾಲೆಯ ಅಡುಗೆಮನೆಯ ಏಪ್ರನ್ನಿನಲ್ಲೇ,
ತಲೆಯ ಬಲೆಯನ್ನೂ ಕಳಚದೆ,
ಕಂದು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು
ಕುದಿವ ಪಾತ್ರೆ ದಾಟಿಸುವವಳ ಹಾಗೆ.
ವಯಸ್ಸು ನಲವತ್ತಮೂರು. ಅರ್ಜಿಯಲ್ಲಿ ಆ ಕಾಲಂ ಇಲ್ಲ,
ಅವಳೇ ಹೇಳಿದಳು, ಯಾರೂ ಕೇಳುವ ಮೊದಲೇ,
ಜಗಳಕ್ಕೆ ನಿಂತವಳ ಧಾಟಿಯಲ್ಲಿ.

ಒಂದೊಂದೇ ಹಾಳೆ ತಿರುವಿದೆ.
ಬೀಜಗಣಿತ: ಬಿ. ಎರಡನೇ ಸಲಕ್ಕೆ.
ಐವತ್ತು ಪೌಂಡು ಎತ್ತಬಲ್ಲಿರಾ? ಹೌದು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ:
ಆಲೂಗಡ್ಡೆ ಮೂಟೆ ಐವತ್ತೇ ಇರುತ್ತದೆ, ದಿನಕ್ಕೆ ನಾಲ್ಕು.
ಪೊಲೀಸರ ಕಾಗದದಲ್ಲಿ ಒಂದು ಸಾಲಿತ್ತು,
ಹದಿನಾಲ್ಕು ವರ್ಷ ಹಳೆಯದು, ಮಾತ್ರೆಯ ವಿಷಯ.
ಕೆಂಟಕಿಯ ಈ ಕಣಿವೆಯಲ್ಲಿ ಆ ಸಾಲಿಲ್ಲದ ಮನೆ
ನನಗೆ ಗೊತ್ತಿರುವುದು ಎರಡು. ನನ್ನದು ಅದರಲ್ಲಿಲ್ಲ.
ಅದಕ್ಕೆ ಬೇರೆ ಫಾರಂ ಇದೆ. ತುಂಬಿದ್ದಳು.
ಏನನ್ನೂ ಮುಚ್ಚಿಟ್ಟಿರಲಿಲ್ಲ.

ಕೊನೆಯ ಹಾಳೆ. ಎಂಟು ಗಂಟೆ, ದಿನಾಂಕ, ಆಸ್ಪತ್ರೆಯ ಮೊಹರು.
ಸಹಿಯ ಜಾಗ ಖಾಲಿ.

ಬೆರಳಿಟ್ಟು ತೋರಿಸಿದೆ.
ನೋಡಿದಳು. ಮತ್ತೆ ನೋಡಿದಳು,
ದಿಟ್ಟಿಸಿದರೆ ಮೂಡಬಹುದೇನೋ ಎಂಬಂತೆ.
ಆಸ್ಪತ್ರೆ ಗುಡ್ಡದಾಚೆ, ನಲವತ್ತು ಮೈಲಿ,
ಕಲ್ಲಿದ್ದಲ ಲಾರಿಗಳ ಹಿಂದೆ.
ನಾನು ಹೇಳಬೇಕಾದ್ದು ಒಂದೇ ಮಾತು: ಬರುವ ವರ್ಷ ಬನ್ನಿ.
ಅದನ್ನು ಹೇಳಲೆಂದೇ ತೆರೆದ ಬಾಯಿ
ಅವರ ಫ್ಯಾಕ್ಸ್ ನಂಬರು ಗೊತ್ತಾ, ಅಂತ ಕೇಳಿಬಿಟ್ಟಿತು.

ಹಾಳೆ ಕಳಿಸಿ, ಫೋನು ಮಾಡಿ, ಕಾದೆವು.
ನಾಲ್ಕು ಐವತ್ತೊಂದು.
ಸುಮ್ಮನಿರಲಾರದೆ ಕೇಳಿದೆ:
ಎಂಟು ಗಂಟೆ ಅಲ್ಲಿ ಏನು ನೋಡಿದೆ?

ಒಬ್ಬ ಮುದುಕ, ಅಂದಳು. ಗಣಿಯವನು.
ಎದೆ ಹಲಗೆಗೆ, ಗಲ್ಲ ಮೇಲೆ, ಭುಜ ಮುಂದಕ್ಕೆ.
ಉಸಿರೆಳೆದು ಹಿಡಿದುಕೊಳ್ಳಿ ಅಂತಾರಲ್ಲ,
ಅವನಿಗೆ ಹಿಡಿಯಲಿಕ್ಕೆ ಉಸಿರೇ ಇರಲಿಲ್ಲ.
ಕೆಮ್ಮಿದ. ಕ್ಷಮಿಸಿ ಅಂದ, ಯಂತ್ರಕ್ಕೆ.
ಮೂರು ಸಲ ಹಾಗೇ ಆಯಿತು.
ನಾಲ್ಕನೇ ಸಲ ಆ ಲೋರೀನ್
ಹಿಡಿದುಕೊಳ್ಳಿ ಅನ್ನಲೇ ಇಲ್ಲ.
ಸೀಸದ ಗಾಜಿನ ಹಿಂದೆ ನಿಂತು ಅವನ ಬೆನ್ನನ್ನೇ ನೋಡುತ್ತಾ
ಎರಡು ಕೆಮ್ಮಿನ ನಡುವೆ ಒಂದು ಸಂದು ಸಿಗುತ್ತದಲ್ಲ,
ಅಲ್ಲಿ ಗುಂಡಿ ಒತ್ತಿದಳು.
ಅದನ್ನು ಯಾವ ವರ್ಷದಲ್ಲಿ ಕಲಿಸುತ್ತಾರೆ?

ನನಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಅದಿಲ್ಲ.

ನಾಲ್ಕು ಐವತ್ತೆಂಟಕ್ಕೆ ಯಂತ್ರ ಗೊರಗುಟ್ಟಿತು.
ಕಾಗದ ಇಂಚಿಂಚೇ ಹೊರಬಂತು, ಬೆಚ್ಚಗೆ.
ಮೊದಲು ಬರೀ ಬಿಳಿ, ಆಮೇಲೆ ಮಸಿಯ ಬಾಲ,
ಆಮೇಲೆ ಒಂದು ಹೆಸರು, ಓದಲಾಗದಷ್ಟು ಸೊಟ್ಟ.
ಸೊಟ್ಟಗಿದ್ದರೂ ಸಹಿ ಸಹಿಯೇ.

ಮೊಹರು ಒತ್ತಿದೆ: ಸ್ವೀಕರಿಸಲಾಗಿದೆ.
ಅಷ್ಟೇ ನನ್ನ ಕೈಯಲ್ಲಿರುವುದು.
ಅಂಕ ಕೂಡುವವರು ಮೇಲಿನ ಮಹಡಿಯಲ್ಲಿದ್ದಾರೆ,
ಅವರ ಸ್ಕ್ಯಾನರಿಗೆ ಪೆನ್ಸಿಲ್ ಬರಹ ಹತ್ತುವುದಿಲ್ಲ.

ಅವಳು ಹೋದಳು. ಪರದೆ ಇಳಿಸಿ, ದೀಪ ಆರಿಸುವ ಮೊದಲು
ಕಪ್ಪು ಪೆನ್ನು ತೆಗೆದು
ಆ ಆಲೂಗಡ್ಡೆಯ ಸಾಲಿನ ಮೇಲೆ ತಿದ್ದಿದೆ,
ಕಾಗುಣಿತ ತಪ್ಪಿದ್ದಲ್ಲಿ
ತಪ್ಪನ್ನೂ ಬಿಡದೆ.