ಮುಗೀತು

ಪಾಳಿ ಮುಗಿದ ಮೇಲೆ ನನಗೆ
ಹಸಿವಾಗುವುದಿಲ್ಲ, ಊರಾಗುತ್ತದೆ.
ಟೊರಾಂಟೊದ ಆಸ್ಪತ್ರೆಯೊಂದರಲ್ಲಿ
ಹಾಸಿಗೆ ಬದಲಿಸುವವಳು ನಾನು, ಐಯೋನಿ.
ಜಮೈಕಾ ಬಿಟ್ಟು ಹನ್ನೊಂದು ತಿಂಗಳು.

ಮೊದಲು ಹೊಕ್ಕ ಹೋಟೆಲಿನಲ್ಲಿ ಗೋಡೆ ತುಂಬ ಬಾವುಟ,
ಮೇಜಿಗೊಂದು ಪ್ಲಾಸ್ಟಿಕ್ಕಿನ ತೆಂಗಿನ ಮರ.
ಹುಡುಗಿ ನಗುತ್ತ ಬಂದಳು, ನಗುತ್ತಲೇ ಕೇಳಿದಳು:
ಖಾರ ಸಣ್ಣದೋ, ಮಧ್ಯಮವೋ, ದೊಡ್ಡದೋ?
ಖಾರಕ್ಕೂ ಅಂಗಿಯ ಹಾಗೆ ಅಳತೆ ಇದೆಯೆಂದು
ನನಗೆ ಯಾರೂ ಹೇಳಿರಲಿಲ್ಲ.
ಕೋಳಿಗೆ ಸಕ್ಕರೆ ಪಾಕ ಸವರಿ
ಅದಕ್ಕೆ ಹೊಗೆಯೆಂದು ಹೆಸರಿಟ್ಟಿದ್ದರು.

ಇನ್ನೊಂದು, ಮೂರನೆಯ ಮಹಡಿ, ಗಾಜಿನ ಲಿಫ್ಟು.
ಜೀಗುಜ್ಜೆಯ ಮೂರು ತೆಳು ಬಿಲ್ಲೆ,
ಮೇಲೊಂದು ನೇರಳೆ ಹೂವು.
ಹೂವನ್ನು ಏನು ಮಾಡಬೇಕೋ ತಿಳಿಯದೆ
ಜೇಬಿಗೆ ಹಾಕಿಕೊಂಡು, ಅರ್ಧ ದಿನದ ಕೂಲಿ ತೆತ್ತು
ಇಳಿದು ಬಂದೆ, ಮೆಟ್ಟಿಲ ಮೇಲೆ.

ವರ್ನಲ್ ಮುದುಕ ಕೆಳಗೆ ಲಾಂಡ್ರಿಯಲ್ಲಿ
ಬಿಸಿ ಬಿಸಿ ಬಿಳಿ ಬಟ್ಟೆ ಮಡಚುತ್ತ ಕೆಮ್ಮಿ ನಕ್ಕ.
ಈ ಊರಲ್ಲಿ ನಲವತ್ತು ಚಳಿಗಾಲ ಕಂಡವನು.
"ಬೋರ್ಡು ಓದಬೇಡ ಮಗಳೇ, ಸಾಲು ನೋಡು.
ಸಾಲಿನಲ್ಲಿ ನಿಂತವರು ಬೈಯುತ್ತಿರಬೇಕು,
ಬೈದವರೇ ಮಾರನೆಯ ದಿನ ಮತ್ತೆ ನಿಂತಿರಬೇಕು.
ಅದು ನಮ್ಮದು."

ಗುರುವಾರ ರಾತ್ರಿ, ಮೊಣಕಾಲುದ್ದ ಹಿಮ.
ಎಗ್ಲಿಂಟನ್ ರಸ್ತೆಯಲ್ಲಿ, ಕೃತಕ ಕೂದಲ ಅಂಗಡಿಗೂ
ಊರಿಗೆ ದುಡ್ಡು ಕಳಿಸುವ ಕಿಂಡಿಗೂ ನಡುವಿನ ಸಂದಿಯಲ್ಲಿ
ಮೂಗು ನನಗಿಂತ ಮೊದಲು ನಿಂತಿತು.
ಉದ್ದಕ್ಕೆ ಸೀಳಿದ ಎಣ್ಣೆ ಡ್ರಮ್ಮು, ಒಳಗೆ ಕೆಂಡ;
ಒಬ್ಬ ಗಂಡಸು ಒಂದು ಕೈಯಲ್ಲಿ ಇಕ್ಕಳ ಹಿಡಿದು
ಇನ್ನೊಂದು ಕೈಯಲ್ಲಿ ಕೊಡೆ ಹಿಡಿದಿದ್ದಾನೆ,
ತನಗಲ್ಲ, ಕೋಳಿಗೆ.

ಒಳಗೆ ಐದು ಜನ ನಿಂತರೆ ತುಂಬುವಷ್ಟು ಜಾಗ.
ಮೂಲೆಯಲ್ಲಿ ಇಬ್ಬರು ಡಾಮಿನೊ ಬಿಲ್ಲೆಗಳನ್ನು
ಮೇಜು ಮುರಿಯುವಂತೆ ಬಡಿಯುತ್ತಿದ್ದರು.
ಗಾಜಿನ ಹಿಂದಿನ ಹೆಂಗಸು ತಲೆ ಎತ್ತಲಿಲ್ಲ.

ಎತ್ತಿನ ಬಾಲ?
"ಮುಗೀತು."
ಮೇಕೆ ಕರಿ?
"ಮುಗೀತು."
(ಆ ಕರಿಯಲ್ಲಿ, ಕಬ್ಬಿನ ತೋಟಕ್ಕೆ ಹಡಗಿನಲ್ಲಿ ಬಂದ
ಕೂಲಿಗಳ ಅರಿಸಿನ ಇದೆಯಂತೆ.
ನನ್ನ ಮುತ್ತಜ್ಜಿಯ ಮೂಗೂ ಅವರದೇ ಅಂತೆ.
ಇರಲಿ, ಎರಡೂ ಮುಗಿದಿವೆ.)
ಬೇಯಿಸಿದ ಬಾಳೆಕಾಯಿ?
"ಶನಿವಾರ."
ಮತ್ತೆ ಬೋರ್ಡಿನಲ್ಲಿ ಬರೆದಿದೆಯಲ್ಲ?
"ಬರೆದವನನ್ನು ಕೇಳು."

ನನ್ನ ಕಣ್ಣಲ್ಲಿ ನೀರು.
ಮೊರಾಂಟ್ ಬೇ ಬಸ್ ನಿಲ್ದಾಣದ ಹಿಂದೆ
ಮಿಸ್ ಕ್ಲೋವರ್ ಇದೇ ದನಿಯಲ್ಲಿ, ಇದೇ ಸಿಡುಕಿನಲ್ಲಿ
ಬಾಲ್ಯವಿಡೀ ನನ್ನನ್ನು ಬರಿಗೈಯಲ್ಲಿ ಕಳಿಸಿದ್ದಳು.
ಸುಳ್ಳು ಅಂಗಡಿಯಲ್ಲಿ ಎಲ್ಲವೂ ಯಾವಾಗಲೂ ಇರುತ್ತದೆ.

ಆಗ ತಲೆ ಎತ್ತಿದಳು. "ಯಾವ ಕಡೆಯವಳು?"
ಸೇಂಟ್ ಥಾಮಸ್.
"ಅದು ದೊಡ್ಡದು. ಎಲ್ಲಿ?"
ಬಾತ್ ಕಡೆ, ಸೇತುವೆ ದಾಟಿ ಎಡಕ್ಕೆ.
ಏನೂ ಅನ್ನದೆ ಒಳಗೆ ಹೋದಳು.
ಪಾತ್ರೆ ಕೆರೆಯುವ ಸದ್ದು.
ತಂದಿಟ್ಟಳು: ತೆಂಗಿನ ಹಾಲಲ್ಲಿ ಕುದಿಸಿ ಬತ್ತಿಸಿದ ಬಂಗುಡೆ,
ಎರಡು ಹಿಟ್ಟಿನ ಕಡುಬು,
ಇಡಿಯಾಗಿ ತೇಲುವ ಟೋಪಿ ಮೆಣಸಿನಕಾಯಿ.
"ಇದು ಮಾರೋದಲ್ಲ, ನನ್ನ ಊಟ."
ಮುಚ್ಚಳ ಒತ್ತಿದಳು.
"ಡಬ್ಬಿಗೆ ಐವತ್ತು ಸೆಂಟು."

ಬಸ್ಸಿನ ಹಿಂದಿನ ಸೀಟಿನಲ್ಲಿ,
ಕಿಟಕಿ ನನ್ನ ಉಸಿರಿಗೆ ಮಬ್ಬಾಗಿ,
ಕೈಗವಸು ಕಳಚಿ, ಬೆರಳಲ್ಲೇ ತಿಂದೆ.
ಕಡುಬಿನ ನಡುವೆ ಅವಳ ಹೆಬ್ಬೆರಳು ಒತ್ತಿದ ಗುಳಿ,
ಗುಳಿಯಲ್ಲಿ ಒಂದು ಚಮಚದಷ್ಟು ಸಾರು.
ಮುಂದೆ ಕೂತವನು ತಿರುಗಿ ನೋಡಿ,
ಮೂಗರಳಿಸಿ, ಸುಮ್ಮನಾದ.

ಉಪ್ಪು ಒಂಚೂರು ಜಾಸ್ತಿ.
ನಾಳೆ ಬೇಗ ಹೋಗಿ
ಸಾಲಿನಲ್ಲಿ ನಿಂತು ಬೈಯಬೇಕು.