ಚುಕ್ಕೆಯ ಲೆಕ್ಕ

ಟಲ್ಸಾ ಊರಾಚೆ ತಗಡಿನ ಶೆಡ್ಡಿನ ಮುಂದೆ
ವರ್ನಾ ಪ್ರೂಯಿಟ್ ಲೆಕ್ಕ ಒಪ್ಪಿಸುತ್ತಾಳೆ:
ಅಪ್ಪ ಸರ್ವಲ್, ಆಫ್ರಿಕದ ಅಪ್ಪಟ ಕಾಡು.
ಈ ಹೆಣ್ಣುಮರಿಗೆ ಇಪ್ಪತ್ತು ಸಾವಿರ ಡಾಲರು.
ಇದರ ಮಗಳಿಗೆ ಅರ್ಧ, ಮೊಮ್ಮಗಳಿಗೆ ಇನ್ನೂ ಕಮ್ಮಿ;
ಐದನೇ ತಲೆಗೆ ಬಂದರೆ, ಬಿಡಿ,
ಸೋಫಾ ಪರಚುವ ಮನೆಬೆಕ್ಕೇ ಅದು, ಚುಕ್ಕೆಯೊಂದು ಹೆಚ್ಚು.

ಕೊಳ್ಳಬಂದ ದಂತವೈದ್ಯ ತಲೆದೂಗುತ್ತಾನೆ.
ನೀರು ಬೆರೆತ ಹಾಲಿನ ಲೆಕ್ಕ ಅವನಿಗೂ ಗೊತ್ತು.

ಅವಳು ಹೇಳದ್ದು ಅಡುಗೆಮನೆಯ ಕ್ಯಾಲೆಂಡರಿನಲ್ಲಿದೆ:
ತಾಯಿಬೆಕ್ಕಿನ ಬಸಿರು ಅರವತ್ತೈದು ದಿನ,
ಅಪ್ಪನ ಕುಲಕ್ಕೆ ಎಪ್ಪತ್ತನಾಲ್ಕು.
ನಡುವೆ ಕೊರೆಬಿದ್ದ ಒಂಬತ್ತು ದಿನ
ಅವಳ ಅಂಗಿಯೊಳಗೆ ಎದೆಗಂಟಿ ಕಳೆದವು,
ಎರಡು ತಾಸಿಗೊಮ್ಮೆ ಸಿರಿಂಜಿನಲ್ಲಿ ಹಾಲು.
ನಾಲ್ಕರಲ್ಲಿ ಎರಡು ಪೆಕಾನ್ ಮರದ ಬುಡಕ್ಕೆ.
ಅವುಗಳ ಬೆಲೆಯೂ ಇದರ ಮೈಮೇಲಿದೆ,
ಚುಕ್ಕೆಗಳ ನಡುವೆಲ್ಲೋ.

"ಈ ಗಂಡು?"
"ಗೊಡ್ಡು. ಕಾಲು ಬೆಲೆಗೆ ಒಯ್ಯಿ."
ಅದೇ ಬಸಿರು, ಅದೇ ಉದ್ದ ಕಾಲು; ಗೊಡ್ಡೆಂಬುದು ತಿಳಿಯದೆ
ದಂತವೈದ್ಯನ ಬೂಟಿನ ದಾರ ಕಚ್ಚಿ ಎಳೆಯುತ್ತಿದೆ.

ಹಿಂದಿನ ಬಲೆಬೇಲಿಯೊಳಗೆ ಸರ್ವಲ್.
ಹುಲ್ಲಿನಲ್ಲಿ ಇಲಿಯೊಂದು ಸರಿದಿರಬೇಕು,
ಎರಡೂ ಕಿವಿ ಅತ್ತಲೇ.
ಚೆಕ್ಕಿನ ಮೇಲೆ ಪೆನ್ನು ಗೀಚಿದಾಗ
ಒಂದು ಕಿವಿ ಇತ್ತ ಹೊರಳಿ,
ಮತ್ತೆ ಹುಲ್ಲಿಗೆ.